1929ರಲ್ಲಿ ಹುಟ್ಟಿದವರು: ಒಂದೇ ಇಸವಿ ಎನ್ನುವುದರಲ್ಲಿ ಏನಾದರೂ ಹುರುಳಿದೆಯೇ?

ಗೋಡೆಪತ್ರಿಕೆ ಕೇಳಿದ್ದು:

ನಮ್ಮ ಊರಿನ ಓದುಗರ ಬಳಗವು ಪ್ರತಿ ನವೆಂಬರಿನಲ್ಲಿ ಗ್ರಂಥಾಲಯದ ಗೋಡೆಗೆ ಒಂದು ಸಚಿತ್ರ ಪ್ರದರ್ಶನವನ್ನು ಸಿದ್ಧಪಡಿಸುತ್ತದೆ. ಈ ಸಲ ಆರಿಸಿಕೊಂಡ ವಿಷಯ, ಒಂದೇ ಇಸವಿಯಲ್ಲಿ ಹುಟ್ಟಿದ ಪ್ರಸಿದ್ಧರು. ಹಲವು ಇಸವಿಗಳನ್ನು ತಡಕಾಡಿದ ಮೇಲೆ 1929ಕ್ಕೆ ಬಂದು ನಿಂತಿದ್ದೇವೆ. ಆ ವರ್ಷದ ಮಾರ್ಚ್ 16ರಂದು ಮೈಸೂರಿನಲ್ಲಿ ಎ. ಕೆ. ರಾಮಾನುಜನ್, ಏಪ್ರಿಲ್ 24ರಂದು ಗಾಜನೂರಿನಲ್ಲಿ ರಾಜಕುಮಾರ್, ಜುಲೈ 22ರಂದು ಹಳಿಯಾಳದಲ್ಲಿ ಶಾಂತಿನಾಥ ದೇಸಾಯಿ, ಸೆಪ್ಟೆಂಬರ್ 19ರಂದು ಬಂಟ್ವಾಳದ ಹತ್ತಿರದ ಮಂಚಿಯಲ್ಲಿ ಬಿ. ವಿ. ಕಾರಂತರು ಹುಟ್ಟಿದ್ದಾರೆ. ಕವಿ, ನಟ, ಕಾದಂಬರಿಕಾರ, ರಂಗನಿರ್ದೇಶಕ ಹೀಗೆ ನಾಲ್ಕು ದಿಕ್ಕಿನ ನಾಲ್ವರು ಆರು ತಿಂಗಳ ಅಂತರದಲ್ಲಿ ಈ ನಾಡಿಗೆ ಬಂದರೆಂಬುದನ್ನು ಕಂಡಾಗ ಸಹಜವಾಗಿಯೇ ಸಂತೋಷವಾಯಿತು.

ಆದರೆ ಬಳಗದಲ್ಲೇ ಒಂದು ತಕರಾರು ಎದ್ದಿದೆ. ನಾಲ್ಕು ಭಾವಚಿತ್ರಗಳನ್ನು ಸಾಲಾಗಿ ತೂಗುಹಾಕಿ ಕೆಳಗೆ ಇಸವಿಯನ್ನು ಬರೆದರೆ ಅದು ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಯ ಕೆಲಸವಾಗುತ್ತದೆಯೇ ಹೊರತು ಓದುಗರಿಗೆ ಅದರಿಂದ ಏನೂ ತಿಳಿಯುವುದಿಲ್ಲ ಎಂದು ಕೆಲವರು ವಾದಿಸುತ್ತಿದ್ದಾರೆ. ಒಂದೇ ಇಸವಿಯಲ್ಲಿ ಹುಟ್ಟಿದ್ದು ಇವರ ಬದುಕಿನಲ್ಲಿ ನಿಜವಾಗಿಯೂ ಏನನ್ನಾದರೂ ನಿರ್ಧರಿಸಿತೇ, ಅಥವಾ ಇದು ಬರಿಯ ಕಾಕತಾಳೀಯವೇ? ಜೊತೆಗೆ, ಅದೇ ವರ್ಷ ಹುಟ್ಟಿದ ಲತಾ ಮಂಗೇಶ್ಕರ್, ಮಾರ್ಟಿನ್ ಲೂಥರ್ ಕಿಂಗ್, ಆನ್ ಫ್ರಾಂಕ್ ಮೊದಲಾದವರನ್ನೂ ಸೇರಿಸಬೇಕೇ ಎಂಬುದರ ಬಗ್ಗೆ ತಿಳಿದವರು ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.

ರಂಗಾಸಕ್ತ ಉತ್ತರಿಸಿದ್ದು:

ನಿಮ್ಮ ಬಳಗದ ತಕರಾರಿನಲ್ಲಿ ಅರ್ಧ ಸತ್ಯವಿದೆ. ಇಸವಿಯನ್ನು ಮಾತ್ರ ಬರೆದರೆ ಅದು ಏನನ್ನೂ ಹೇಳುವುದಿಲ್ಲ. ಆದರೆ ಆ ಇಸವಿಯಲ್ಲಿ ಹುಟ್ಟಿದ ಮಗುವಿಗೆ ಯಾವ ವಯಸ್ಸಿನಲ್ಲಿ ಹೊರಗಿನ ಲೋಕದಲ್ಲಿ ಏನು ಹೊಸದಾಗಿ ಬಂತು, ಏನು ಮುಗಿಯುತ್ತ ಹೋಯಿತು ಎಂದು ಲೆಕ್ಕ ಹಾಕಿ ನೋಡಿದರೆ ಅದೇ ಇಸವಿ ಮಾತಾಡತೊಡಗುತ್ತದೆ. ನಾನು ಕಂಪನಿ ನಾಟಕಗಳ ಇತಿಹಾಸದಲ್ಲಿ ಆಸಕ್ತಿಯುಳ್ಳವನಾದ್ದರಿಂದ ಆ ಕಡೆಯಿಂದಲೇ ಉತ್ತರಿಸುತ್ತೇನೆ.

ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ತೆರೆಕಂಡದ್ದು 1931ರಲ್ಲಿ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅಂದರೆ 1929ರ ಮಕ್ಕಳು ಅಕ್ಷರ ಕಲಿಯುವ ಹೊತ್ತಿಗೆ ಸಿನಿಮಾ ಇತ್ತು, ಆದರೆ ಅದಿನ್ನೂ ಊರೂರಿಗೆ ಇಳಿದಿರಲಿಲ್ಲ. ಹಳ್ಳಿಯ ಹುಡುಗನೊಬ್ಬನಿಗೆ ಹಾಡು, ಬಣ್ಣ, ಪಾತ್ರಗಳ ರುಚಿ ಹತ್ತಬೇಕಾದರೆ ಅದು ಕಂಪನಿ ನಾಟಕದಿಂದಲೇ ಹತ್ತಬೇಕಾಗಿತ್ತು. ಅವನೇ ಬೆಳೆದು ಇಪ್ಪತ್ತೈದರ ಹರೆಯಕ್ಕೆ ಬರುವಷ್ಟರಲ್ಲಿ ಸಂಬಳ ಕೊಡುವ ಶಕ್ತಿ ಕಂಪನಿಗಳಿಂದ ಸ್ಟುಡಿಯೋಗಳಿಗೆ ಹೋಗಿತ್ತು. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಕಂಪನಿಯಲ್ಲೇ ನೆಲೆನಿಂತ ಹಿರಿಯ ನಟನಾಗಿರುತ್ತಿದ್ದ; ಹತ್ತು ವರ್ಷ ತಡವಾಗಿ ಹುಟ್ಟಿದ್ದರೆ ಕಂಪನಿಯ ಗರಡಿಯೇ ಅವನಿಗೆ ಸಿಗುತ್ತಿರಲಿಲ್ಲ.

ರಾಜಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ನಟರು. ಮಗ ಮುತ್ತುರಾಜನ (ರಾಜಕುಮಾರ್ ಅವರ ಹುಟ್ಟುಹೆಸರು ಇದು) ಶಾಲೆಯ ಓದು ಪ್ರಾಥಮಿಕ ತರಗತಿಯಲ್ಲೇ ನಿಂತಿತು. ಮುಂದಿನ ವಿದ್ಯೆಯೆಲ್ಲ ರಂಗದ ಮೇಲೆಯೇ ನಡೆಯಿತು. 1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ಕ್ಕೆ ನಾಯಕನನ್ನು ಆರಿಸಿದಾಗ ಮುತ್ತುರಾಜನಿಗೆ ಇಪ್ಪತ್ತೈದು. ಆ ಚಿತ್ರದ ನಿರ್ಮಾಣದಲ್ಲಿ ಗುಬ್ಬಿ ಸಂಸ್ಥೆಯೂ ಪಾಲುದಾರನಾಗಿತ್ತು ಎಂಬುದನ್ನು ಗಮನಿಸಬೇಕು: ನಾಟಕದ ಕಂಪನಿ ತಾನು ಬೆಳೆಸಿದ ಹುಡುಗನನ್ನು ತಾನೇ ತೆರೆಗೆ ದಾಟಿಸಿತು. ಮುಂದೆ ಹಾಡುಗಾರಿಕೆಗೆ ಹಿನ್ನೆಲೆ ಗಾಯಕರನ್ನು ಅವಲಂಬಿಸದೆ ತಾವೇ ಹಾಡಿದ ರಾಜಕುಮಾರ್, ‘ಜೀವನ ಚೈತ್ರ’ದ ಹಾಡಿಗೆ ಗಾಯಕರಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದದ್ದಕ್ಕೆ ಆ ಹಳೆಯ ಗರಡಿಯೇ ಕಾರಣ ಎಂದು ನಾನು ಭಾವಿಸುತ್ತೇನೆ. ಕಂಪನಿಯಲ್ಲಿ ಹಾಡಲು ಬಾರದವನು ನಟನೆನಿಸಿಕೊಳ್ಳುತ್ತಲೇ ಇರಲಿಲ್ಲ.

ಬಿ. ವಿ. ಕಾರಂತರು ಮನೆ ಬಿಟ್ಟು ಓಡಿಹೋಗಿ ಸೇರಿದ್ದೂ ಅದೇ ಗುಬ್ಬಿ ಕಂಪನಿಯನ್ನು. ಅಲ್ಲಿ ಅವರು ರಾಜಕುಮಾರ್ ಜೊತೆಯಲ್ಲಿ ಕೆಲಸ ಮಾಡಿದ್ದರು. ಒಂದೇ ಇಸವಿಯ ಇಬ್ಬರು ಹುಡುಗರು ಒಂದೇ ಮಾಲೀಕನ ಕೆಳಗೆ ಇದ್ದರೂ ಅಲ್ಲಿಂದ ಮುಂದಿನ ಹಾದಿಗಳು ಪೂರ್ತಿ ಕವಲೊಡೆದವು. ಕಾರಂತರನ್ನು ವೀರಣ್ಣನವರು ಓದಿಗಾಗಿ ಕಾಶಿಗೆ ಕಳುಹಿಸಿದರು. ಅಲ್ಲಿ ಹಿಂದಿ ಎಂ.ಎ. ಮಾಡಿದ ಕಾರಂತರು ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಕಲಿತರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಆರಂಭವಾದದ್ದು 1959ರಲ್ಲಿ, ಆಗ ಅವರಿಗೆ ಮೂವತ್ತು. ಅದರ ಆರಂಭದ ವರ್ಷಗಳ ವಿದ್ಯಾರ್ಥಿಯಾಗಿ, 1977ರಿಂದ 1981ರವರೆಗೆ ಅದರ ನಿರ್ದೇಶಕರಾಗಿ, ಆಮೇಲೆ ಭೋಪಾಲದ ಭಾರತ ಭವನದ ರಂಗಮಂಡಲದಲ್ಲಿ, ಕೊನೆಗೆ 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾಗಿ ಅವರು ಮಾಡಿದ ಕೆಲಸದಲ್ಲೆಲ್ಲ ಸಂಗೀತವನ್ನು ನಾಟಕದಿಂದ ಬೇರ್ಪಡಿಸದ ಆ ಕಂಪನಿಯ ಸಂಸ್ಕಾರವೇ ಕೇಳಿಸುತ್ತದೆ. ಆಧುನಿಕ ರಂಗಭೂಮಿಯವರು ಕಂಪನಿ ನಾಟಕವನ್ನು ತುಸು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ ಕಾರಂತರು ಅದನ್ನು ಒಳಬಾಗಿಲಿನಿಂದ ತಂದು ಕೂರಿಸಿದರು. (‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದನ್ನು ಚಿತ್ರದ ಕೆಳಗಿನ ಟಿಪ್ಪಣಿಯಲ್ಲಿ ಬಿಡಬೇಡಿ, ‘ಚೋಮನ ದುಡಿ’ಯ ನಿರ್ದೇಶಕರೆಂದು ಎಲ್ಲರಿಗೂ ಗೊತ್ತು, ಇದು ಅಷ್ಟಾಗಿ ಗೊತ್ತಿಲ್ಲ.)

ಲತಾ ಮಂಗೇಶ್ಕರರನ್ನು ಸೇರಿಸಿ ಎಂದು ನಾನು ಒತ್ತಾಯಿಸುವುದೂ ಇದೇ ಕಾರಣಕ್ಕೆ. ಅವರ ತಂದೆ ದೀನಾನಾಥರು ಮರಾಠಿ ಸಂಗೀತ ನಾಟಕಗಳ ಕಂಪನಿಯನ್ನು ನಡೆಸಿದವರು. 1942ರಲ್ಲಿ ತಂದೆ ತೀರಿಕೊಂಡಾಗ ಹನ್ನೆರಡರ ಹುಡುಗಿ ಮನೆಯ ಹೊರೆ ಹೊತ್ತು ಸಿನಿಮಾಕ್ಕೆ ಬಂದದ್ದು ಬಣ್ಣ ಹಚ್ಚಿಕೊಳ್ಳುವ ಬಯಕೆಯಿಂದಲ್ಲ. ನಾಟಕದ ಮನೆಯಲ್ಲಿ ಹುಟ್ಟಿ ಸಿನಿಮಾದಲ್ಲಿ ಅನ್ನ ಕಂಡ ಪೀಳಿಗೆ ಅದು. 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೆ ಅವರು ಹಾಡಿದ ‘ಬೆಳ್ಳನೆ ಬೆಳಗಾಯಿತು’ ಕನ್ನಡಿಗರಿಗೆ ಪರಿಚಿತವೇ ಆಗಿರುವುದರಿಂದ, ನಿಮ್ಮ ಗೋಡೆಯ ಮೇಲೆ ಅವರು ಪರಕೀಯರೂ ಆಗುವುದಿಲ್ಲ.

ಪಂಚಾಂಗದವನು ಉತ್ತರಿಸಿದ್ದು:

ಒಂದು ವಿಷಯವನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಇವರು ಹುಟ್ಟಿದ ಮನೆಗಳಲ್ಲಿ ಆ ದಿನ 1929 ಎಂದು ಯಾರೂ ಬರೆದುಕೊಂಡಿರಲಾರರು; ಸಂವತ್ಸರ, ಮಾಸ, ತಿಥಿಗಳಿಂದಲೇ ಮಕ್ಕಳ ವಯಸ್ಸನ್ನು ಲೆಕ್ಕ ಹಾಕುತ್ತಿದ್ದ ಕಾಲ ಅದು. ಆ ಲೆಕ್ಕದಲ್ಲಿ 1929ರ ಯುಗಾದಿಯವರೆಗೆ ವಿಭವ ಸಂವತ್ಸರ, ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಬಂದ ಯುಗಾದಿಯಿಂದ ಶುಕ್ಲ ಸಂವತ್ಸರ. ಹಾಗಾಗಿ ಮಾರ್ಚಿನಲ್ಲಿ ಹುಟ್ಟಿದ ರಾಮಾನುಜನ್ ವಿಭವದವರು, ರಾಜಕುಮಾರ್, ದೇಸಾಯಿ, ಕಾರಂತರು ಶುಕ್ಲದವರು. ರಾಮಾನುಜನ್ ಅವರ ಮನೆಮಾತು ತಮಿಳಾದ್ದರಿಂದ ಏಪ್ರಿಲ್ ನಡುವಿನ ಸೌರಮಾನದ ವರ್ಷಾರಂಭವನ್ನು ಹಿಡಿದರೂ ಫಲಿತಾಂಶ ಬದಲಾಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ನಿದರ್ಶನ ಇನ್ನೂ ಸೊಗಸಾಗಿದೆ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಪು. ತಿ. ನರಸಿಂಹಾಚಾರ್ ಹುಟ್ಟಿದ್ದು 1905ರ ಮಾರ್ಚ್ 17ರಂದು. ಇಸವಿಯ ಪಟ್ಟಿಯಲ್ಲಿ ಇವರು ಎಂದೂ ಒಟ್ಟಿಗೆ ಕೂರುವುದಿಲ್ಲ. ಸಂವತ್ಸರದ ಪಟ್ಟಿಯಲ್ಲಿ ಇಬ್ಬರೂ ಕ್ರೋಧಿಯವರು. ಕುವೆಂಪು ಮೂರು ದಿನ ತಡೆದು ಹುಟ್ಟಿದ್ದರೆ ನಿಮ್ಮಂಥವರ ಪ್ರದರ್ಶನದಲ್ಲಿ ಅವರ ಪಕ್ಕದ ಚಿತ್ರಗಳೆಲ್ಲ ಬದಲಾಗಿಬಿಡುತ್ತಿದ್ದವು. ಜನವರಿ ಒಂದರ ಗೆರೆ ಎಷ್ಟು ಕೃತಕವಾದುದೆಂದು ತೋರಿಸಲು ಇದಕ್ಕಿಂತ ಹೆಚ್ಚು ಬೇಕಿಲ್ಲ.

ಇನ್ನು ಜನ್ಮದಿನಾಂಕಗಳ ವಿಶ್ವಾಸಾರ್ಹತೆಯ ವಿಚಾರ. ಜನನ ಮತ್ತು ಮರಣಗಳ ನೋಂದಣಿಯನ್ನು ದೇಶಾದ್ಯಂತ ಏಕರೂಪವಾಗಿ ಕಡ್ಡಾಯಗೊಳಿಸಿದ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೆ ಮುಂಚೆ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದೇ ಎಷ್ಟೋ ಜನರಿಗೆ ಹುಟ್ಟಿದ ದಿನವಾಯಿತು. ಜಾತಕ ಬರೆಸಿದ ಮನೆಗಳವರಿಗೆ ಮಾತ್ರ ನಿಖರವಾದ ದಿನ ಉಳಿಯಿತು. ಜಾತಕ ಬರೆಸುವ ಪದ್ಧತಿಯೋ ಅನುಕೂಲವೋ ಇಲ್ಲದ ಮನೆಗಳ ಮಕ್ಕಳಿಗೆ ಜೂನ್ ತಿಂಗಳ ಯಾವುದೋ ಒಂದು ತಾರೀಖು ಅಂಟಿಕೊಂಡಿತು. ಆದಕಾರಣ ‘ಒಂದೇ ಇಸವಿಯವರು’ ಎಂಬ ಯಾವುದೇ ಹಳೆಯ ಪಟ್ಟಿಯಲ್ಲಿ ಓದುಬರಹವುಳ್ಳ ಮನೆತನದವರೇ ಹೆಚ್ಚು ಕಾಣಿಸಿಕೊಳ್ಳುವುದನ್ನು ಇಸವಿಯ ಮಹಿಮೆ ಎಂದು ತಿಳಿಯಬಾರದು.

ಸಂದೇಹಿ ಉತ್ತರಿಸಿದ್ದು:

ರಂಗಾಸಕ್ತರ ವಿವರಣೆ ಚೆನ್ನಾಗಿದೆ, ಆದರೆ ಅದು 1929ರ ವಿವರಣೆಯಲ್ಲ. ಅವರು ಹೇಳಿದ ಪ್ರತಿಯೊಂದು ಮಾತೂ 1926ಕ್ಕೂ 1932ಕ್ಕೂ ಅಷ್ಟೇ ಒಪ್ಪುತ್ತದೆ. 1928 ಎಂದು ಗೋಡೆಗೆ ಬರೆದು ಯಶವಂತ ಚಿತ್ತಾಲ, ಚೆನ್ನವೀರ ಕಣವಿ ಇವರ ಚಿತ್ರಗಳನ್ನು ಹಾಕಬಹುದು; 1932 ಎಂದು ಬರೆದು ಫೆಬ್ರವರಿಯ ಕೆ. ವಿ. ಸುಬ್ಬಣ್ಣ ಮತ್ತು ಡಿಸೆಂಬರಿನ ಯು. ಆರ್. ಅನಂತಮೂರ್ತಿ ಇವರನ್ನು ಅಕ್ಕಪಕ್ಕ ನಿಲ್ಲಿಸಬಹುದು. 1938 ಎಂದರೆ ಗಿರೀಶ ಕಾರ್ನಾಡ ಮತ್ತು ಪೂರ್ಣಚಂದ್ರ ತೇಜಸ್ವಿ. ಯಾವ ವರ್ಷವನ್ನು ಎತ್ತಿಕೊಂಡರೂ ಕೆಲವು ದೊಡ್ಡ ಹೆಸರುಗಳು ಸಿಕ್ಕೇ ಸಿಗುತ್ತವೆ, ಸಿಕ್ಕ ಮೇಲೆ ಅವುಗಳಿಗೊಂದು ಕಾರಣವನ್ನು ಹೊಸೆಯುವುದು ಕಷ್ಟವಲ್ಲ. ಪೀಳಿಗೆಯ ಬಗ್ಗೆ ಮಾತಾಡುವುದಾದರೆ ಹತ್ತು ವರ್ಷಗಳ ಹರವನ್ನು ತೆಗೆದುಕೊಳ್ಳಿ, ಒಂದೇ ವರ್ಷದ ಹಟವನ್ನು ಬಿಡಿ.

ಹೊರನಾಡಿಗ ಉತ್ತರಿಸಿದ್ದು:

ಸಂದೇಹಿಯವರ ಆಕ್ಷೇಪ ನ್ಯಾಯವಾದದ್ದೇ. ಹತ್ತು ವರ್ಷಗಳ ಹರವು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೂ ಒಂದೇ ಇಸವಿಯನ್ನು ಹಿಡಿದುಕೊಂಡರೆ ಒಂದು ಅನುಕೂಲವಿದೆ: ಎಲ್ಲರ ವಯಸ್ಸೂ ಒಂದೇ ಆಗಿರುವುದರಿಂದ, ಉಳಿದ ವ್ಯತ್ಯಾಸಗಳು ಎಲ್ಲಿಂದ ಬಂದವು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ನಾನು ಅಮೆರಿಕದಲ್ಲಿ ನೆಲೆಸಿರುವುದರಿಂದ ರಾಮಾನುಜನ್ ಅವರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಮೈಸೂರಿನ ಗಣಿತ ಪ್ರಾಧ್ಯಾಪಕರ ಮಗ, ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬೆಳಗಾವಿ, ಬರೋಡಗಳಲ್ಲಿ ಪಾಠ ಹೇಳುತ್ತಿದ್ದವರು 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದರು. 1963ರಲ್ಲಿ ಭಾಷಾವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ಆಮೇಲೆ 1993ರಲ್ಲಿ ತೀರಿಕೊಳ್ಳುವವರೆಗೂ ಷಿಕಾಗೋ ವಿಶ್ವವಿದ್ಯಾಲಯವೇ ಅವರ ನೆಲೆಯಾಯಿತು. ಇದು ಕೇವಲ ಪ್ರತಿಭೆಯ ಕಥೆಯಲ್ಲ. ಸೋವಿಯತ್ ಒಕ್ಕೂಟದೊಡನೆ ಪೈಪೋಟಿಗೆ ಬಿದ್ದ ಅಮೆರಿಕ 1958ರಲ್ಲಿ ಒಂದು ಶಿಕ್ಷಣ ಕಾಯಿದೆಯನ್ನು ತಂದು, ಏಷ್ಯಾದ ಭಾಷೆಗಳ ಬೋಧನೆಗೆ ಹಣ ಸುರಿಯಲು ಆರಂಭಿಸಿತ್ತು. ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಸಲೀಸಾಗಿದ್ದ ಮೂವತ್ತರ ಅಧ್ಯಾಪಕನೊಬ್ಬ ಬೇಕಾದ ಹೊತ್ತಿಗೆ ಸರಿಯಾಗಿ ಅವರಿಗೆ ಮೂವತ್ತಾಗಿತ್ತು. ಹದಿನೈದು ವರ್ಷ ಮೊದಲು ಹುಟ್ಟಿದ್ದರೆ, ವಚನಗಳನ್ನು 1973ರಲ್ಲಿ ಇಂಗ್ಲಿಷ್ ಓದುಗರ ಮುಂದಿಟ್ಟ ಆ ಅನುವಾದಗಳು ಪ್ರಾಯಶಃ ಬೆಳಗಾವಿಯ ಬೀರುವೊಂದರಲ್ಲೇ ಉಳಿಯುತ್ತಿದ್ದವು.

ಇದಕ್ಕೆ ಜೋಡಿಯಾಗಿ ಇನ್ನೊಂದು ಹೆಸರನ್ನು ಸೂಚಿಸುತ್ತೇನೆ. ಹಿಂದಿಯ ನಿರ್ಮಲ್ ವರ್ಮಾ ಹುಟ್ಟಿದ್ದು 1929ರ ಏಪ್ರಿಲ್ 3ರಂದು, ಶಿಮ್ಲಾದಲ್ಲಿ. ಅವರು 1959ರಲ್ಲಿ ಪ್ರಾಗ್ ನಗರಕ್ಕೆ ಹೋದರು. ಅಲ್ಲಿನ ಪ್ರಾಚ್ಯ ಸಂಸ್ಥೆ ಆಧುನಿಕ ಚೆಕ್ ಸಾಹಿತ್ಯವನ್ನು ಹಿಂದಿಗೆ ತರುವುದಕ್ಕಾಗಿ ಅವರನ್ನು ಕರೆಸಿಕೊಂಡಿತ್ತು. ಅವರು ಅನುವಾದಿಸಿದವರಲ್ಲಿ ಮಿಲನ್ ಕುಂದೇರಾ ಕೂಡ ಒಬ್ಬರು, ಮತ್ತು ಕುಂದೇರಾ ಹುಟ್ಟಿದ್ದು ಅದೇ 1929ರ ಏಪ್ರಿಲ್ 1ರಂದು! ಈ ಎರಡು ದಿನಗಳ ಅಂತರವನ್ನು ನಾನು ಕುತೂಹಲಕ್ಕಾಗಿ ಹೇಳಿದೆನೇ ಹೊರತು ಅದಕ್ಕೆ ಬೆಲೆ ಕೊಡಬೇಕಿಲ್ಲ. ಬೆಲೆಯುಳ್ಳ ಸಂಗತಿಯೆಂದರೆ, ಶೀತಲ ಸಮರದ ಎರಡೂ ಬಣಗಳು ಭಾರತದ ಭಾಷೆಗಳಿಗಾಗಿ ಒಂದೇ ಕಾಲಕ್ಕೆ ಕೈಚಾಚಿದ್ದವು, ಮತ್ತು ಆ ಕೈಗೆ ಸಿಕ್ಕವರು ಆಗ ಮೂವತ್ತರ ಆಸುಪಾಸಿನಲ್ಲಿದ್ದ ಲೇಖಕರು.

ಇದೇ ಅಳತೆಗೋಲಿನಿಂದ ನೋಡಿದರೆ ಕಿಂಗ್ ಅವರನ್ನು ನಿಮ್ಮ ಪಟ್ಟಿಯಿಂದ ಬಿಡುವುದು ಲೇಸು. ಅವರು 1959ರಲ್ಲಿ ಒಂದು ತಿಂಗಳ ಕಾಲ ಭಾರತದಲ್ಲಿ ಸಂಚರಿಸಿದ್ದು ನಿಜ, ಅದೇ ವರ್ಷ ರಾಮಾನುಜನ್ ಅಮೆರಿಕಕ್ಕೆ ಹೊರಟದ್ದೂ ನಿಜ. ಆದರೆ ಇವೆರಡನ್ನು ಒಂದೇ ಸಾಲಿನಲ್ಲಿ ಬರೆದು ಏನೋ ಅರ್ಥವಿದೆಯೆಂದು ಸೂಚಿಸುವುದು ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ನಂಟು ಕಟ್ಟಿದಂತೆ. ಆನ್ ಫ್ರಾಂಕ್ ಅವರನ್ನು ಸೇರಿಸುವುದಾದರೆ ಅವರ ಪಕ್ಕದಲ್ಲಿ ನಟಿ ಆಡ್ರಿ ಹೆಪ್‌ಬರ್ನ್ ಅವರನ್ನು ಇಡಿ. ಒಬ್ಬರು ಜೂನ್ 12ರಂದು ಫ್ರಾಂಕ್‌ಫರ್ಟಿನಲ್ಲಿ, ಇನ್ನೊಬ್ಬರು ಮೇ 4ರಂದು ಬ್ರಸೆಲ್ಸಿನಲ್ಲಿ ಹುಟ್ಟಿದವರು. ಇಬ್ಬರೂ ನಾಜಿಗಳ ಆಕ್ರಮಣಕ್ಕೆ ಒಳಗಾದ ನೆದರ್‌ಲ್ಯಾಂಡ್ಸಿನಲ್ಲಿ ಹದಿಹರೆಯವನ್ನು ಕಳೆದರು. ಯಹೂದಿಯಾದ ಒಬ್ಬಳು 1945ರಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ಸತ್ತಳು, ಇನ್ನೊಬ್ಬಳು ಹಸಿವಿನಿಂದ ಕಂಗೆಟ್ಟರೂ ಬದುಕಿದಳು. ಮುಂದೆ ಆನ್ ಪಾತ್ರವನ್ನು ವಹಿಸುವಂತೆ ಕೇಳಿದಾಗ ಹೆಪ್‌ಬರ್ನ್ ಒಪ್ಪಲಿಲ್ಲ. ವಯಸ್ಸು, ದೇಶ, ಯುದ್ಧ ಎಲ್ಲವೂ ಒಂದೇ ಆಗಿದ್ದಾಗ ಧರ್ಮದ ಗುರುತು ಮಾತ್ರ ಎಷ್ಟು ದೊಡ್ಡ ವ್ಯತ್ಯಾಸವನ್ನು ಮಾಡಿತು ಎಂಬುದು ಅಲ್ಲಿ ಕಣ್ಣಿಗೆ ಹೊಡೆಯುತ್ತದೆ. ಆದರೆ ಅದು ಬೇರೆಯೇ ಒಂದು ಗೋಡೆಗೆ ಸಲ್ಲುವ ವಿಷಯ.

ಗೋಡೆಪತ್ರಿಕೆ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಹೊರದೇಶದವರನ್ನು ಬಿಟ್ಟು ಕನ್ನಡದ ನಾಲ್ವರನ್ನೂ ಲತಾ ಅವರನ್ನೂ ಇಟ್ಟುಕೊಳ್ಳುವುದೆಂದು ಬಳಗ ತೀರ್ಮಾನಿಸಿದೆ. ಸಂದೇಹಿಯವರ ಮಾತಿಗೆ ಮನ್ನಣೆ ಕೊಟ್ಟು ಕೆಳಗೊಂದು ಚಿಕ್ಕ ಪಟ್ಟಿಯಲ್ಲಿ 1926ರಿಂದ 1935ರವರೆಗಿನ ಹೆಸರುಗಳನ್ನೂ ಸೇರಿಸುತ್ತೇವೆ. ಶಾಂತಿನಾಥ ದೇಸಾಯಿಯವರ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ಅವರು ಈ ನಾಲ್ವರ ನಡುವೆ ಹೇಗೆ ಕೂರುತ್ತಾರೆ? ಮತ್ತು ಹುಟ್ಟೂರುಗಳನ್ನು ಗುರುತಿಸಿದ ಒಂದು ಭೂಪಟವನ್ನು ಹಾಕಬೇಕೆಂದಿದ್ದೇವೆ. ಇಂದಿನ ಕರ್ನಾಟಕದ ನಕ್ಷೆ ಸಾಕಾಗುತ್ತದೆಯೇ?

ಗಡಿನಾಡಿನಿಂದ ಉತ್ತರಿಸಿದ್ದು:

ಇಂದಿನ ನಕ್ಷೆ ಸಾಲದು, ಏಕೆಂದರೆ ರಾಜಕುಮಾರ್ ಹುಟ್ಟಿದ ಗಾಜನೂರು ಅದರಲ್ಲಿ ಇಲ್ಲ. ಅದು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿಯ ಸೀಮೆಗೆ ಸೇರಿದ ಕನ್ನಡ ಮಾತಾಡುವ ಊರು. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ರಾಜಕುಮಾರ್ ಅವರನ್ನು ಅಪಹರಿಸಿದ್ದು ಅಲ್ಲಿಂದಲೇ ಎಂಬುದರಿಂದ ಊರಿನ ಹೆಸರು ಎಲ್ಲರಿಗೂ ಗೊತ್ತು, ಅದು ಯಾವ ರಾಜ್ಯದಲ್ಲಿದೆ ಎಂಬುದನ್ನು ಮಾತ್ರ ಅನೇಕರು ಮರೆಯುತ್ತಾರೆ.

1929ರ ನಕ್ಷೆಯನ್ನೇ ಹಾಕಿ ಎಂದು ನನ್ನ ಸಲಹೆ. ಆಗ ಗಾಜನೂರು ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪುಟ್ಟಸ್ವಾಮಯ್ಯನವರ ಹೆಸರಿನೊಡನೆ ಬರುವ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು. 1956ರವರೆಗೆ ಆ ಕೊಳ್ಳೇಗಾಲವೂ ಅದೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ಕಾರಂತರ ಮಂಚಿ ಕೂಡ ಮದ್ರಾಸ್ ಪ್ರಾಂತದ್ದೇ, ಆದರೆ ದಕ್ಷಿಣ ಕನ್ನಡ ಜಿಲ್ಲೆ. ದೇಸಾಯಿಯವರ ಹಳಿಯಾಳ ಮುಂಬಯಿ ಪ್ರಾಂತದ ಉತ್ತರ ಕನ್ನಡದಲ್ಲಿ. ನಾಲ್ವರಲ್ಲಿ ಮೈಸೂರು ಮಹಾರಾಜರ ಪ್ರಜೆಯಾಗಿ ಹುಟ್ಟಿದವರೆಂದರೆ ರಾಮಾನುಜನ್ ಒಬ್ಬರೇ, ಅವರ ಮನೆಮಾತೋ ತಮಿಳು! ಕನ್ನಡದ ನಾಲ್ವರು ಎಂದು ನಾವು ಇಂದು ಒಟ್ಟಿಗೆ ಕೂರಿಸುವವರು ಹುಟ್ಟಿದಾಗ ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದರು, ಮತ್ತು ಏಕೀಕರಣ ಆಗುವಷ್ಟರಲ್ಲಿ ಅವರಿಗೆ ಇಪ್ಪತ್ತೇಳು ದಾಟಿತ್ತು.

ದೇಸಾಯಿಯವರನ್ನು ಇಲ್ಲಿಂದಲೇ ಅರ್ಥಮಾಡಿಕೊಳ್ಳಬಹುದು. ಮುಂಬಯಿ ಪ್ರಾಂತದ ಕನ್ನಡಿಗನ ಓದು, ಉದ್ಯೋಗಗಳು ಮಹಾರಾಷ್ಟ್ರದ ಕಡೆಗೆ ಹರಿಯುವುದು ಸಹಜವಾಗಿತ್ತು. ಇಂಗ್ಲಿಷ್ ಪ್ರಾಧ್ಯಾಪಕರಾದ ದೇಸಾಯಿಯವರು ಬಹುಕಾಲ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿದ್ದರು. ಅವರ ‘ಮುಕ್ತಿ’ ಕಾದಂಬರಿ 1961ರಲ್ಲಿ ಬಂದಾಗ ನವ್ಯದ ಮೊದಲ ಕಾದಂಬರಿಗಳಲ್ಲೊಂದೆಂದು ಹೆಸರಾಯಿತು. ಅದನ್ನೂ ರಾಮಾನುಜನ್ ಅವರ ಮೊದಲ ಕನ್ನಡ ಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ವನ್ನೂ ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. ರಾಜಕುಮಾರ್ ಮತ್ತು ಕಾರಂತರಿಗೆ ಗುಬ್ಬಿ ಕಂಪನಿ ಹೇಗೋ, ಈ ಇಬ್ಬರು ಇಂಗ್ಲಿಷ್ ಮೇಷ್ಟ್ರುಗಳಿಗೆ ಆ ಗ್ರಂಥಮಾಲೆ ಹಾಗೆ. ಮುಂದೆ ದೇಸಾಯಿಯವರು ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. 1998ರಲ್ಲಿ ತೀರಿಕೊಂಡ ಮೇಲೆ ‘ಓಂ ಣಮೋ’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ನಾಲ್ವರನ್ನು ಜೋಡಿಸುವ ಗೆರೆಗಳನ್ನು ಎಳೆಯುವುದಿದ್ದರೆ 1938ರ ಒಬ್ಬರನ್ನು ನಡುವೆ ಇಡಲೇಬೇಕಾಗುತ್ತದೆ. ಕಾರಂತರು ಕಾರ್ನಾಡರ ಜೊತೆ ‘ವಂಶವೃಕ್ಷ’ವನ್ನು ನಿರ್ದೇಶಿಸಿದರು, ‘ಹಯವದನ’ವನ್ನು ರಂಗಕ್ಕೆ ತಂದರು, ‘ನಾಗಮಂಡಲ’ದ ಮೂಲ ಜನಪದ ಕಥೆಯನ್ನು ಕಾರ್ನಾಡರು ರಾಮಾನುಜನ್ ಅವರಿಂದ ಕೇಳಿದ್ದರು, ‘ಮುಕ್ತಿ’ ಬಂದ ವರ್ಷವೇ ಅದೇ ಗ್ರಂಥಮಾಲೆಯಿಂದ ‘ಯಯಾತಿ’ಯೂ ಬಂತು. ಒಂದೇ ಇಸವಿಯವರನ್ನು ಪರಸ್ಪರ ಹತ್ತಿರ ತಂದವರು ಒಂಬತ್ತು ವರ್ಷ ಕಿರಿಯರು. ನಕ್ಷೆಯ ಅಳತೆಯ ವಿಚಾರದಲ್ಲಿ ಒಂದು ಮಾತು: ಕೊಯಮತ್ತೂರು ಜಿಲ್ಲೆಯ ಉತ್ತರದ ಅಂಚು ಸ್ಪಷ್ಟವಾಗಿ ಕಾಣುವಷ್ಟು ದೊಡ್ಡದಾಗಿ ಮುದ್ರಿಸಿ, ಇಲ್ಲದಿದ್ದರೆ ಗಾಜನೂರಿನ ಚುಕ್ಕೆ ಮೈಸೂರು ಸಂಸ್ಥಾನದ ಒಳಗೆ ಬಿದ್ದಂತೆ ತೋರುತ್ತದೆ.